ಮೋಟಾರು ಕಾರಿನ ನೆಗ್ಗು

1984ನೆಯ ಇಸವಿ ಜುಲೈ 12ರಂದು ಜರ್ಮನಿಯ ಮ್ಯೂನಿಕ್ ನಗರದ ಮೇಲೆ ಭಾರಿ ಆಲಿಕಲ್ಲಿನ ಮಳೆ ಸುರಿದು ಸುಮಾರು 2 ಲಕ್ಷ ವಾಹನಗಳು ಜಖಂಗೊಂಡವು. ಇಂತಹ ಮಳೆಗೆ ಸಿಕ್ಕಿದ ಕಾರನ್ನು ಪರೀಕ್ಷಿಸಿದರೆ ಒಂದು ವಿಚಿತ್ರ ಕಾಣುವುದು. ತಗಡು ಅಲ್ಲಲ್ಲಿ ನೆಗ್ಗಿರುವುದು. ಆದರೆ ಎಷ್ಟೋ ಗುಳಿಗಳಲ್ಲಿ ಬಣ್ಣಕ್ಕೆ ಕೂದಲೆಳೆಯಷ್ಟು ಬಿರುಕೂ ಬಿದ್ದಿರುವುದಿಲ್ಲ. ಉಕ್ಕು ಸೋತ ಕಡೆ ಬಣ್ಣ ಸೋಲದಿರಲು ಕಾರಣವೇನು?

ತಗಡೊಂದನ್ನು ಬಾಗಿಸಿದಾಗ ಅದರ ಹೊರಮೈ ಹಿಗ್ಗುವುದು, ಒಳಮೈ ಕುಗ್ಗುವುದು. ದಪ್ಪದ ಅರ್ಧವನ್ನು ಬಾಗಿನ ತ್ರಿಜ್ಯದಿಂದ ಭಾಗಿಸಿದರೆ ಈ ಹಿಗ್ಗುವಿಕೆಯ ಪ್ರಮಾಣ ದೊರೆಯುತ್ತದೆ. ಕಾರಿನ ತಗಡಿನ ದಪ್ಪ ಸುಮಾರು 0.7 ಮಿಲಿಮೀಟರು. ಮೆದು ಉಕ್ಕು ಸಾವಿರಕ್ಕೆ ಒಂದು ಪಾಲಿನಷ್ಟು ಹಿಗ್ಗುವವರೆಗೆ ಸ್ಥಿತಿಸ್ಥಾಪಕವಾಗಿದ್ದು, ಬಿಟ್ಟೊಡನೆ ಮೊದಲಿನ ಆಕಾರಕ್ಕೆ ಮರಳುತ್ತದೆ. ಲೆಕ್ಕ ಮಾಡಿ ನೋಡಿರಿ: ಬಾಗಿನ ತ್ರಿಜ್ಯ 35 ಸೆಂಟಿಮೀಟರಿಗಿಂತ ಕಡಿಮೆಯಾಯಿತೆಂದರೆ ಈ ಮಿತಿ ಮೀರಿತು. ಆಗ ಸ್ಫಟಿಕಗಳೊಳಗೆ ಪರಮಾಣುಗಳ ಪದರಗಳು ಒಂದರ ಮೇಲೊಂದು ಜಾರಿ, ಹೊಸ ಜಾಗದಲ್ಲಿಯೇ ನಿಂತುಬಿಡುವುವು. ಪದರ ಇಡಿಯಾಗಿ ಜಾರದೆ, ಅದರಲ್ಲಿರುವ ಸಾಲುದೋಷಗಳು ಹೆಜ್ಜೆಹೆಜ್ಜೆಯಾಗಿ ಸರಿಯುವುದರಿಂದಲೇ ಇದು ಸಾಧ್ಯವೆಂದು ಟೇಲರ್, ಒರೊವಾನ್, ಪೊಲಾನ್ಯಿ ಎಂಬ ಮೂವರು ವಿಜ್ಞಾನಿಗಳು 1934ರಲ್ಲಿ ಪ್ರತ್ಯೇಕವಾಗಿ ತೋರಿಸಿದರು.

ಗುಳಿಯ ಅಂಚಿನಲ್ಲಿ ತ್ರಿಜ್ಯ 35 ಮಿಲಿಮೀಟರು ಇದೆಯೆನ್ನೋಣ. ಹಿಗ್ಗುವಿಕೆ ನೂರಕ್ಕೆ ಒಂದು. ಉಕ್ಕಿನ ಮಿತಿಯ ಹತ್ತರಷ್ಟು. ಆದರೆ ಬಣ್ಣವು ಉದ್ದನೆಯ ಅಣುಸರಪಳಿಗಳ ಹೆಣಿಗೆ. ನೂರಕ್ಕೆ ಒಂದು ಅದಕ್ಕೆ ಲೆಕ್ಕಕ್ಕೇ ಇಲ್ಲ. ಚೂಪಾದ ಮೂಲೆ ತಗುಲಿ 2 ಮಿಲಿಮೀಟರು ತ್ರಿಜ್ಯದ ಮಡಿಕೆ ಬಿದ್ದರೋ, ಹಿಗ್ಗುವಿಕೆ ನೂರಕ್ಕೆ 17ನ್ನು ಮೀರಿ, ಬಣ್ಣ ಸೀಳಿಹೋಗಬಹುದು. ಆದುದರಿಂದ ನೆಗ್ಗಿನ ಅಗಲಕ್ಕಿಂತ ಅದರ ಚೂಪೇ ಮುಖ್ಯ.

ಬಣ್ಣ ಉಳಿದಿದ್ದರೆ ಅದನ್ನು ಕಾಪಾಡಿಕೊಳ್ಳುವುದು ಲೇಸು. ಕಾರ್ಖಾನೆಯಲ್ಲಿ ಅದನ್ನು ಸುಮಾರು 140 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಬೇಯಿಸಿರುತ್ತಾರೆ. ರಬ್ಬರು, ಪ್ಲಾಸ್ಟಿಕ್ಕು, ತಂತಿಗಳು ಕೂಡಿಕೊಂಡ ಪೂರ್ಣ ಕಾರನ್ನು ಗ್ಯಾರೇಜಿನಲ್ಲಿ ಅಷ್ಟು ಕಾಯಿಸಲಾಗದು. ಕೆರೆದು, ಪುಟ್ಟಿ ಮೆತ್ತಿ, ಹೊಸ ಬಣ್ಣ ಹೊಡೆದರೆ ಅದು ಮೊದಲಿನ ಬಣ್ಣವಾಗದು.

ಬಣ್ಣ ಕೆಡಿಸದೆ ನೆಗ್ಗು ತೆಗೆಯುವ ಕುಶಲಿಗನು ತಗಡಿನ ಹಿಂಬದಿಗೆ ಬಾಗಿದ ಉಕ್ಕಿನ ಸಲಾಕೆಯನ್ನು ತೂರಿಸಿ, ಗುಳಿಯನ್ನು ಒಳಗಿನಿಂದ ಸ್ವಲ್ಪಸ್ವಲ್ಪವೇ ಒತ್ತುತ್ತಾನೆ. ಒಳಗೆ ದಾರಿಯಿಲ್ಲದಿದ್ದರೆ, ಬಿಸಿ ಅಂಟಿನಿಂದ ಹೊರಮೈಗೆ ಹಿಡಿಯೊಂದನ್ನು ಅಂಟಿಸಿ ಎಳೆಯುವುದೂ ಉಂಟು. ನೆಗ್ಗಿದ ಬಿಂದಿಗೆಯನ್ನು ಕಂಚುಗಾರ ಒಳಗಿನಿಂದ ಬಡಿದು ಸರಿಪಡಿಸುವುದೂ ಇದೇ ವಿದ್ಯೆ. ಆದರೆ ಅವನಿಗೆ ಬಣ್ಣದ ಚಿಂತೆಯಿಲ್ಲ. ಒತ್ತಡ ತೆಗೆದೊಡನೆ ತಗಡು ತುಸು ಹಿಂದಕ್ಕೆ ಪುಟಿಯುವುದರಿಂದ, ಬೇಕಾದುದಕ್ಕಿಂತ ಕೊಂಚ ಹೆಚ್ಚಾಗಿಯೇ ಒತ್ತಬೇಕು. ಬಹಳ ಹೆಚ್ಚಾದರೆ ಹೊರಗೆ ಮೊಡವೆಯಂತೆ ಉಬ್ಬು ಏಳುವುದು. ಒಮ್ಮೆ ಬಾಗಿದ ಉಕ್ಕು ಮೊದಲಿಗಿಂತ ಗಡುಸಾಗಿರುವುದೂ ಒಂದು ತೊಡಕು. ಇನ್ನು ತಗಡು ಇಡಿಯಾಗಿ ಎಳೆದು ಹಿಗ್ಗಿಹೋಗಿದ್ದರೆ ನಮ್ಮ ಸರಳ ಲೆಕ್ಕವೂ ಸಾಲದು, ಸಲಾಕೆಯೂ ಸಾಲದು.

ಇಷ್ಟು ಸೂಕ್ಷ್ಮವಾದ ಏರುತಗ್ಗನ್ನು ಕಣ್ಣು ಕಾಣುವ ಬಗೆಯೇ ಈ ಕೆಲಸದ ಸೊಗಸು. ಕುಶಲಿಗನು ತಗಡನ್ನು ನೋಡುವುದೇ ಇಲ್ಲ. ಅದರಲ್ಲಿ ಮೂಡಿದ ದೀಪದ ಪ್ರತಿಬಿಂಬವನ್ನು ನೋಡುತ್ತಾನೆ. ಕನ್ನಡಿ ಒಂದು ಪಾಲು ವಾಲಿದರೆ ಪ್ರತಿಫಲಿತ ಕಿರಣ ಎರಡು ಪಾಲು ತಿರುಗುತ್ತದೆ. ಒಂದು ಸೆಂಟಿಮೀಟರು ಉದ್ದದಲ್ಲಿ ಮೇಲ್ಮೈ ಮಿಲಿಮೀಟರಿನ ನೂರನೆಯ ಒಂದು ಭಾಗ, ಅಂದರೆ ಪುಸ್ತಕದ ಹಾಳೆಯ ದಪ್ಪದ ಹತ್ತನೆಯ ಒಂದು ಪಾಲಿನಷ್ಟು, ಇಳಿದಿದ್ದರೆ ಒಂದು ಮೀಟರು ದೂರದಲ್ಲಿ ಕಿರಣ 2 ಮಿಲಿಮೀಟರು ಸರಿದಿರುತ್ತದೆ. ಗೆರೆಗಳುಳ್ಳ ದೀಪದ ಹಲಗೆಯನ್ನು ಎದುರಿಗಿಟ್ಟರೆ ಗುಳಿಯಿರುವಲ್ಲಿ ಗೆರೆ ಡೊಂಕಾಗುವುದು. ಗೆರೆ ನೇರವಾಗುವವರೆಗೆ ಕೆಲಸ ಮುಗಿಯಲಿಲ್ಲ.

ಕುದಿಯುವ ನೀರು ಸುರಿದು ಕೂಡಲೇ ತಣ್ಣೀರು ಎರಚಿದರೆ ನೆಗ್ಗು ತಾನಾಗಿ ಹೊರಬರುವುದೆಂದು ಹೇಳುವವರಿದ್ದಾರೆ. ಉಕ್ಕಿನ ಉಷ್ಣವ್ಯಾಕೋಚನ ಒಂದು ಡಿಗ್ರಿಗೆ ಹತ್ತು ಲಕ್ಷಕ್ಕೆ 12 ಪಾಲು ಮಾತ್ರ. 80 ಡಿಗ್ರಿಗೂ ಸಾವಿರಕ್ಕೆ ಒಂದನ್ನು ಮುಟ್ಟದು. ನೂರಕ್ಕೆ ಒಂದರಷ್ಟು ಕೆಟ್ಟಿರುವ ಅಂಚನ್ನು ಇದು ತಿದ್ದೀತೆ? ತಗಡು ಕೆಡದೆ, ಒಳಕ್ಕೆ ಸಿಕ್ಕಿಕೊಂಡಷ್ಟೇ ಇದ್ದರೆ ಆ ನೂಕು ಸಾಕಾಗಿ ಟಪ್ಪನೆ ಹೊರಬಂದೀತು. ಬಂಪರಿನ ಮಾತು ಬೇರೆ. ಅದು ಪ್ಲಾಸ್ಟಿಕ್ಕಿನದಾದರೆ ಬಿಸಿನೀರಿಗೆ ನಿಜವಾಗಿಯೂ ಮೆದುವಾಗಿ, ಒಳಗಿನಿಂದ ಕೈಯಿಂದ ಒತ್ತಿದರೂ ಸರಿಹೋಗಬಹುದು.