ಒಂಬತ್ತು ಬಾಗಿದ ಕಡ್ಡಿಗಳು

ಜೀವಮಾನವೆಲ್ಲ ಮಕ್ಕಳಿಗೆ ಸಂಧಿ ಸಮಾಸಗಳನ್ನು ಹೇಳಿಕೊಟ್ಟು ನಿವೃತ್ತನಾದ ನನ್ನಂಥವನು ಕಬ್ಬಿಣದ ಸಾಮಾನಿನ ಅಂಗಡಿಯ ಮೆಟ್ಟಿಲು ಹತ್ತಿದರೆ, ಬಾಗಿಲಿನ ಚಿಲಕಕ್ಕೋ ಬಟ್ಟೆ ಒಣಹಾಕುವ ತಂತಿಗೋ ಬಂದಿರಬೇಕೆಂದು ನೋಡಿದವರು ತಿಳಿದಾರು. ನಾನು ಹೋದದ್ದು ಬೇರೆ ಕಾರಣಕ್ಕೆ. ಕುರುಗೋಡಿನಲ್ಲಿರುವ ನನ್ನ ತಂಗಿಯ ಮಗ ಐ.ಟಿ.ಐ.ಯಲ್ಲಿ ಫಿಟ್ಟರ್ ವಿದ್ಯೆ ಮುಗಿಸಿ, ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕೆ ಸೇರುವವನಿದ್ದ. ಮೊದಲ ದುಡಿಮೆಗೆ ಹೊರಟವನಿಗೆ ಸೋದರಮಾವ ಏನಾದರೊಂದು ಕೊಡುವುದು ನ್ಯಾಯವಷ್ಟೆ. ಕೈಗಡಿಯಾರ ಕೊಡಿಸುತ್ತೇನೆಂದೆ.

“ಗಡಿಯಾರ ಬ್ಯಾಡ ಮಾವ. ಒಂದು ಅಲೆನ್ ಕೀ ಸೆಟ್ ಕೊಡಸ್ರಿ. ಕೊಡಸಿದ್ರ ಚಲೋದು ಕೊಡಸ್ರಿ” ಎಂದ.

ಹಾಗೆಂದರೇನೆಂದು ಕೇಳಲು ನನಗೆ ನಾಚಿಕೆಯಾಯಿತು. ಮೇಷ್ಟರಾಗಿದ್ದವರಿಗೆ ಈ ನಾಚಿಕೆ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಗೊತ್ತಿದ್ದವನಂತೆ ತಲೆಯಾಡಿಸಿ ಬಳ್ಳಾರಿಯ ಪೇಟೆಗೆ ಅವನೊಡನೆ ಹೊರಟೆ.

ಅಂಗಡಿಯವರು ಗಾಜಿನ ಮೇಲೆ ಎರಡು ಕಟ್ಟುಗಳನ್ನು ಇಟ್ಟರು. ಒಂದು, ಕನ್ನಡಿಯಂತೆ ಹೊಳೆಯುವ ಮೂವತ್ತು ಕಡ್ಡಿಗಳ ಪೆಟ್ಟಿಗೆ. ಇನ್ನೊಂದು, ಪ್ಲಾಸ್ಟಿಕ್ಕಿನ ಹಿಡಿಕೆಯಲ್ಲಿ ಸಿಕ್ಕಿಸಿದ ಒಂಬತ್ತೇ ಒಂಬತ್ತು ಕಪ್ಪು ಕಡ್ಡಿಗಳು. ಎಲ್ಲವೂ ಒಂದು ತುದಿಗೆ ಬಾಗಿದವು, ಎಲ್ಲಕ್ಕೂ ಆರು ಮುಖ. ಒಂಬತ್ತರ ಬೆಲೆ ಮೂವತ್ತರ ಬೆಲೆಯ ಎರಡರಷ್ಟು! ನನ್ನ ಕೈ ಸಹಜವಾಗಿಯೇ ಹೊಳೆಯುವ ಪೆಟ್ಟಿಗೆಯ ಕಡೆ ಹೋಯಿತು. ಅಳಿಯ ಅದನ್ನು ಮೆಲ್ಲನೆ ಬದಿಗೆ ಸರಿಸಿದ.

“ಇದ್ರಾಗ ಇಂಚೂ ಐತಿ, ಎಂ.ಎಂ.ನೂ ಐತಿ, ಎರಡೂ ಕಲಸಿ ಇಟ್ಟಾರ. ರಾತ್ರಿ ಪಾಳೀಲಿ ಕರೆಂಟು ಹೋದ್ರ ಯಾವುದು ಕೈಗೆ ಬರ್ತೈತೋ ಯಾರಿಗೆ ಗೊತ್ತು?”

ಈ ಮಾತಿನ ಅರ್ಥ ನನಗೆ ಆಗಲೇ ಆಗಲಿಲ್ಲ. ಮನೆಗೆ ಬಂದು ಕಾಗದದ ಮೇಲೆ ಲೆಕ್ಕ ಹಾಕಿದಾಗ ಆಯಿತು. ಇಂಚಿನ ಎಂಟನೆಯ ಒಂದು ಭಾಗವೆಂದರೆ 3.175 ಮಿಲಿಮೀಟರು. ಆ ಅಳತೆಯ ಗುಂಡಿಗೆ 3 ಮಿಲಿಮೀಟರಿನ ಕಡ್ಡಿ ಇಳಿಯುತ್ತದೆ, ಆದರೆ ಸಡಿಲವಾಗಿ. ಒತ್ತಿ ತಿರುಗಿಸಿದಿರೋ, ಕಡ್ಡಿಯ ಮೂಲೆಗಳು ಗುಂಡಿಯ ಮೂಲೆಗಳನ್ನು ಕೆರೆದು, ಷಟ್ಕೋನವಾಗಿದ್ದುದು ವೃತ್ತವಾಗಿಬಿಡುತ್ತದೆ. ಕಾಲಿಂಚಿನ ಗುಂಡಿ 6.35 ಮಿಲಿಮೀಟರು, ಅದರಲ್ಲಿ 6ರ ಕಡ್ಡಿ ಹಾಕಿದರೂ ಇದೇ ಗತಿ. ಇವಕ್ಕಿಂತ ವಂಚಕವಾದದ್ದು ಹದಿನಾರರಲ್ಲಿ ಐದು ಭಾಗದ ಇಂಚು. ಅದು 7.94 ಮಿಲಿಮೀಟರು, 8ರ ಗುಂಡಿಯಲ್ಲಿ ಹೆಚ್ಚುಕಡಮೆ ಸರಿಯಾಗಿಯೇ ಕೂರುತ್ತದೆ. ಒಮ್ಮೆ ಹೀಗೆ ಕೂತದ್ದನ್ನು ಕಂಡವನು ಇಂಚೂ ಮಿಲಿಮೀಟರೂ ಒಂದೇ ಎಂದು ನಂಬಿ, ಮುಂದೆ ಹತ್ತು ಸ್ಕ್ರೂಗಳನ್ನು ಕೆಡಿಸುತ್ತಾನೆ. ಅರ್ಧ ಸತ್ಯ ಸುಳ್ಳಿಗಿಂತ ಕೆಟ್ಟದ್ದೆಂದು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆ. ಅದಕ್ಕೆ ಇಂಥ ಉದಾಹರಣೆ ಸಿಕ್ಕಿರಲಿಲ್ಲ.

ನಮ್ಮ ದೇಶದಲ್ಲಿ ಈ ಗೊಂದಲಕ್ಕೆ ಚರಿತ್ರೆಯ ಕಾರಣವೂ ಉಂಟು. ಮೆಟ್ರಿಕ್ ಅಳತೆಗೆ ನಾವು ಕಾಯಿದೆ ಮಾಡಿಕೊಂಡದ್ದು 1956ರಲ್ಲಿ. ನಾಣ್ಯ ಬದಲಾದದ್ದು 1957ರ ಏಪ್ರಿಲಿನಲ್ಲಿ. ಅಣೆಯನ್ನು ಜನ ಕೆಲವೇ ವರ್ಷಗಳಲ್ಲಿ ಮರೆತರು, ಯಂತ್ರ ಮರೆಯುವುದಿಲ್ಲ. ಇಂಚಿನಲ್ಲಿ ಹುಟ್ಟಿದ ಯಂತ್ರ ತುಕ್ಕು ಹಿಡಿದು ಸಾಯುವವರೆಗೂ ಇಂಚಿನಲ್ಲೇ ಬದುಕುತ್ತದೆ. ಆದ್ದರಿಂದ ಹಳೆಯ ಯಂತ್ರಗಳನ್ನು ನೋಡಿಕೊಳ್ಳುವವನಿಗೆ ಎರಡು ಕಟ್ಟುಗಳೂ ಬೇಕು. ಆದರೆ ಎರಡು ಬೇರೆ ಹಿಡಿಕೆಗಳಲ್ಲಿ, ಸಾಧ್ಯವಾದರೆ ಎರಡು ಬಣ್ಣಗಳಲ್ಲಿ. ಒಂದೇ ಪೆಟ್ಟಿಗೆಯಲ್ಲಿ ಕಲಸಿದವು ಮಾತ್ರ ಬೇಡ.

ಅಳಿಯ ಕಪ್ಪು ಕಟ್ಟಿನಿಂದ ಒಂದೊಂದೇ ಕಡ್ಡಿಯನ್ನು ಹೊರತೆಗೆದು ಬೆಳಕಿಗೆ ಹಿಡಿದು ನೋಡಿದ. ತುದಿ ನೇರವಾಗಿ ಕತ್ತರಿಸಿದೆಯೆ, ಆರು ಅಂಚುಗಳೂ ಬೆರಳಿಗೆ ಚೂಪಾಗಿ ತಾಗುತ್ತವೆಯೆ, ಅಳತೆಯ ಅಂಕಿ ಮೈಮೇಲೆ ಒತ್ತಿದೆಯೆ ಎಂದು ಪರೀಕ್ಷಿಸಿದ. ಅಂಗಡಿಯವರಿಂದ ಒಂದು ಸ್ಕ್ರೂ ಬೇಡಿ ಪಡೆದು, ಅದರಲ್ಲಿ ಕಡ್ಡಿ ಇಳಿಸಿ ಅಲ್ಲಾಡಿಸಿದ. ಅದು ಗಲಗಲ ಎನ್ನಲಿಲ್ಲ. ಕ್ರೋಮ್ ವೆನೇಡಿಯಂ ಬೆರೆತ ಉಕ್ಕು ಎಂದು ಅಂಗಡಿಯವರು ಹೇಳಿದರು. ಹೊಳಪು ಮೇಲಿನ ಲೇಪದ ಗುಣ, ಹದ ಒಳಗಿನ ಉಕ್ಕಿನ ಗುಣ. ಮೆತ್ತಗಿನ ಉಕ್ಕಾದರೆ ಕಡ್ಡಿ ತಿರುಚಿಕೊಳ್ಳುತ್ತದೆ. ಅತಿ ಗಡುಸಾದರೆ ಮುರಿಯುತ್ತದೆ. ಬಳ್ಳಾರಿಯ ನೆಲದಲ್ಲಿ ಇಂಥ ಪರೀಕ್ಷೆ ಹೊಸತಲ್ಲ. ಊರ ಮಗ್ಗುಲಿನ ಸಂಗನಕಲ್ಲಿನ ಗುಡ್ಡದಲ್ಲಿ, ಮೂರೂವರೆ ಸಾವಿರ ವರ್ಷಗಳಿಗೂ ಹಿಂದೆ, ಸುತ್ತಲೂ ರಾಶಿ ಬಿದ್ದಿದ್ದ ಬೆಣಚುಬಂಡೆಯನ್ನು ಬಿಟ್ಟು ಕಪ್ಪು ಡೋಲರೈಟ್ ಕಲ್ಲನ್ನೇ ಹುಡುಕಿ ಕೊಡಲಿ ಮಾಡಿದ ಜನರಿದ್ದರು. ಕೆಲಸ ಬಲ್ಲವನು ಎಲ್ಲ ಕಾಲದಲ್ಲೂ ಕಪ್ಪು ಕಲ್ಲನ್ನೇ ಆರಿಸುತ್ತಾನೆಂದು ಕಾಣುತ್ತದೆ.

ಒಂಬತ್ತು ಕಡ್ಡಿಗಳ ಅಳತೆಗಳು ಇವು: ಒಂದೂವರೆ, ಎರಡು, ಎರಡೂವರೆ, ಮೂರು, ನಾಲ್ಕು, ಐದು, ಆರು, ಎಂಟು, ಹತ್ತು. ಕೆಲಸಕ್ಕೆ ತಕ್ಕಂತೆ ಕಟ್ಟೂ ಬೇರೆಯಾಗಬೇಕು. ನಮ್ಮ ಬೀದಿಯಲ್ಲಿ ಜೀನ್ಸ್ ಹೊಲಿಯುವ ಮನೆಗಳಿವೆ. ಓವರ್‌ಲಾಕ್ ಯಂತ್ರಗಳ ರಿಪೇರಿಗೆ ಬರುವಾತನಿಗೆ ಸಣ್ಣ ಅಳತೆಗಳೇ ಹೆಚ್ಚು ಬೇಕು. ಚಾಕುವಿನಂತೆ ಮಡಿಚಿ ಜೇಬಿಗೆ ಹಾಕುವ ಕಟ್ಟು ಅವನಿಗೆ ಅನುಕೂಲ. ಆದರೆ ಮಡಿಚುವ ಕಟ್ಟಿನ ದಪ್ಪ ಹಿಡಿ ಇಕ್ಕಟ್ಟಿನ ಜಾಗದಲ್ಲಿ ನುಗ್ಗಲಾರದು. ಒಂದೇ ಸ್ಕ್ರೂವನ್ನು ದಿನವಿಡೀ ತಿರುಗಿಸುವವನಿಗೆ ಅಡ್ಡಹಿಡಿ ಇರುವ ಟಿ ಆಕಾರದ್ದು ಒಳ್ಳೆಯದು. ಗಿರಣಿಯವನಿಗೆ ಉದ್ದ ತೋಳಿನ ಬಾಗಿದ ಕಡ್ಡಿಯೇ ಸರಿ.

ಇನ್ನು ಹೆಸರಿನ ಮಾತು. ವರ್ಕ್‌ಷಾಪುಗಳಲ್ಲಿ ಇದನ್ನು ‘ಎಲೆನ್ ಕೀ’ ಎನ್ನುವವರೇ ಬಹಳ. ಬಾಗಿದ ಆಕಾರ ಇಂಗ್ಲಿಷಿನ ಎಲ್ ಅಕ್ಷರದಂತಿರುವುದರಿಂದ ಹಾಗೆ ಕರೆಯುತ್ತಾರೆಂದು ನಾನೂ ಭಾವಿಸಿದ್ದೆ. ಅದು ಮನುಷ್ಯನ ಹೆಸರು. ಅಮೆರಿಕದ ಹಾರ್ಟ್‌ಫರ್ಡಿನ ವಿಲಿಯಂ ಅಲೆನ್ ಎಂಬಾತ, ಸ್ಕ್ರೂವಿನ ತಲೆಯೊಳಗೆ ಆರು ಮೂಲೆಯ ಗುಂಡಿಯನ್ನು ಅಚ್ಚಿನಿಂದ ಒತ್ತಿ ಮಾಡುವ ವಿಧಾನಕ್ಕೆ 1910ರಲ್ಲಿ ಪೇಟೆಂಟ್ ಪಡೆದ. ಜರ್ಮನಿಯಲ್ಲಿ ಇದೇ ವಸ್ತುವಿಗೆ 1936ರಲ್ಲಿ ಒಂದು ಕಂಪನಿ ತನ್ನ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ‘ಇನ್‌ಬುಸ್’ ಎಂದಿತು. ಅಲ್ಲಿನ ಜನ ಅದನ್ನು ‘ಇಂಬುಸ್’ ಎನ್ನುತ್ತಾರೆ. ಹೆಸರನ್ನು ನಾಲಗೆಗೆ ಒಗ್ಗಿಸಿಕೊಳ್ಳುವುದರಲ್ಲಿ ನಮ್ಮವರೊಬ್ಬರೇ ನಿಪುಣರಲ್ಲ. ನಮ್ಮ ಭಾಷೆಯಲ್ಲಿ ಜೋಡಿಸುವುದೂ ಕೀಲು, ಭದ್ರಪಡಿಸುವುದೂ ಕೀಲಿ; ಈ ಕಡ್ಡಿ ಎರಡನ್ನೂ ಮಾಡುವುದರಿಂದ ಇದನ್ನು ‘ಕೀಲಿ’ ಎಂದೇ ಕರೆಯಬಹುದಿತ್ತು.

ಅಲೆನ್ ಆ ಗುಂಡಿಯನ್ನು ಮಾಡಿದ್ದಾದರೂ ಏಕೆ? ಈ ಪ್ರಶ್ನೆಯನ್ನು ನಾನು ಅಳಿಯನಿಗೆ ಕೇಳಿದ್ದು ಸಿರುಗುಪ್ಪದಲ್ಲಿ, ಅವನು ಕೆಲಸಕ್ಕೆ ಸೇರಿ ಎರಡು ತಿಂಗಳಾದ ಮೇಲೆ.

ಬಳ್ಳಾರಿಯಿಂದ ತೆಕ್ಕಲಕೋಟೆಯ ಮೇಲೆ ಸಿರುಗುಪ್ಪಕ್ಕೆ ಬಸ್ಸಿನಲ್ಲಿ ಹೋಗುವವರಿಗೆ ತುಂಗಭದ್ರೆಯ ಕಾಲುವೆ ಈ ನಾಡಿಗೆ ಏನು ಮಾಡಿದೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಕಾಲುವೆಗೆ ನೀರು ಬಿಟ್ಟದ್ದು 1953ರಲ್ಲಿ. ನೀರು ಬಂದಲ್ಲಿ ಭತ್ತ, ಭತ್ತ ಬಂದಲ್ಲಿ ಗಿರಣಿ. ನಾನು ಹೋದಾಗ ಸುಗ್ಗಿ. ಅಂಗಳದಲ್ಲಿ ಭತ್ತದ ಚೀಲಗಳು, ಗಾಳಿಯಲ್ಲಿ ತೌಡಿನ ವಾಸನೆ. ಒಳಗೆ ಎರಡು ರಬ್ಬರಿನ ಉರುಳೆಗಳು ಒಂದಕ್ಕೊಂದು ಎದುರಾಗಿ, ಬೇರೆ ಬೇರೆ ವೇಗದಲ್ಲಿ ತಿರುಗಿ ಭತ್ತದ ಹೊಟ್ಟು ಬಿಡಿಸುತ್ತಿದ್ದವು. ಅಕ್ಕಿಯನ್ನು ಮೇಲಕ್ಕೆ ಒಯ್ಯುವ ಎಲಿವೇಟರುಗಳ ಶಾಫ್ಟುಗಳು ಒಂದೇ ಸಮನೆ ತಿರುಗುತ್ತಿದ್ದವು.

ಅಂದು ಒಂದು ಎಲಿವೇಟರ್ ನಿಂತಿತ್ತು. ಅಳಿಯ ಮೊದಲು ಹೋಗಿ ಸ್ವಿಚ್ಚು ಆರಿಸಿ, ಫ್ಯೂಸು ಕಿತ್ತು ತನ್ನ ಜೇಬಿನಲ್ಲಿ ಹಾಕಿಕೊಂಡ. ಆಮೇಲೆ ಬೇರಿಂಗಿನ ಬಳಿ ಕುಳಿತ. ಬೇರಿಂಗಿನ ಒಳಬಳೆಯಲ್ಲಿ ಎರಡು ಸಣ್ಣ ಗ್ರಬ್ ಸ್ಕ್ರೂಗಳಿದ್ದವು. ಅವುಗಳಿಗೆ ತಲೆಯೇ ಇಲ್ಲ. ಬಳೆಯೊಳಗೆ ಪೂರ್ತಿ ಮುಳುಗಿ, ತುದಿಯಿಂದ ಶಾಫ್ಟನ್ನು ಕಚ್ಚಿ ಹಿಡಿದಿರುತ್ತವೆ. ಗುಂಡಿಗಳಲ್ಲಿ ತೌಡೂ ಗ್ರೀಸೂ ಸೇರಿ ಗಟ್ಟಿಯಾಗಿತ್ತು. ಅವನು ಒಂದು ಮೊಳೆಯಿಂದ ಅದನ್ನೆಲ್ಲ ಕೆದಕಿ ತೆಗೆದು, ಊದಿ, ಆಮೇಲೆ ಮೂರರ ಕಡ್ಡಿಯನ್ನು ತಳ ಮುಟ್ಟುವವರೆಗೆ ಇಳಿಸಿದ. ಅರ್ಧ ಇಳಿದ ಕಡ್ಡಿ ಗುಂಡಿಯ ಬಾಯನ್ನು ಕೆಡಿಸುತ್ತದಂತೆ. ಮೊದಲು ಉದ್ದ ತೋಳನ್ನು ಒಳಗಿಟ್ಟು ಬೇಗಬೇಗ ತಿರುಗಿಸಿದ. ಕೊನೆಗೆ ಗಿಡ್ಡ ತೋಳನ್ನು ಒಳಗಿಟ್ಟು, ಉದ್ದ ತೋಳನ್ನು ಸನ್ನೆಯಂತೆ ಹಿಡಿದು ಬಿಗಿದ. ತುದಿಯಲ್ಲಿ ಗುಂಡು ಇರುವ ಕಡ್ಡಿಗಳು ಓರೆಯಾಗಿಯೂ ಹೊಕ್ಕು ತಿರುಗುತ್ತವೆ, ಆದರೆ ಅವುಗಳ ಕುತ್ತಿಗೆ ತೆಳು. ಕೊನೆಯ ಬಿಗಿತಕ್ಕೆ ಅವನ್ನು ಬಳಸಬಾರದು.

ಪಕ್ಕದಲ್ಲಿದ್ದವರೊಬ್ಬರು “ಪೈಪು ಹಾಕಿ ಎಳೀಯೋ” ಎಂದರು. ಅಳಿಯ ನಕ್ಕು ಬೇಡವೆಂದ. ಆ ಕಡ್ಡಿಯ ಉದ್ದವನ್ನು ನಿಶ್ಚಯಿಸಿದವರು ಸ್ಕ್ರೂವಿಗೆ ಎಷ್ಟು ಬಲ ಸಾಕೆಂಬುದನ್ನೂ ಯೋಚಿಸಿಯೇ ನಿಶ್ಚಯಿಸಿದ್ದಾರೆ. ಪೈಪು ತೂರಿಸಿದರೆ ಒಂದೋ ಕಡ್ಡಿ ಮುರಿಯುತ್ತದೆ, ಇಲ್ಲವೇ ಗುಂಡಿ ಬಿರಿಯುತ್ತದೆ. ತುದಿ ಸವೆದ ಕಡ್ಡಿಯನ್ನು ಎಸೆಯಬೇಕಾಗಿಲ್ಲ. ಸಾಣೆಯ ಮೇಲೆ ಎರಡು ಮೂರು ಮಿಲಿಮೀಟರು ತೆಗೆದು ನೇರ ಮಾಡಿದರೆ ಹೊಸ ಮೂಲೆಗಳು ಸಿಗುತ್ತವೆ. ನಡುನಡುವೆ ನೀರಿನಲ್ಲಿ ಅದ್ದುತ್ತಿರಬೇಕು, ಇಲ್ಲವಾದರೆ ಕಾದು ಹದ ಹೋಗುತ್ತದೆ.

ಆಗ ನಾನು ಕೇಳಿದೆ: “ಸ್ಕ್ರೂವಿಗೆ ಹೊರಗೆ ಒಂದು ತಲೆ ಇಟ್ಟಿದ್ದರೆ ಪಾನಾ ಹಿಡಿದು ತಿರುಗಿಸಬಹುದಿತ್ತಲ್ಲ. ಇಷ್ಟು ಕಷ್ಟವೇಕೆ?”

ಅವನು ಕೈ ಒರೆಸಿಕೊಂಡು, ತಿರುಗುತ್ತಿದ್ದ ಪಕ್ಕದ ಶಾಫ್ಟಿನ ಕಡೆ ತೋರಿಸಿದ. “ತಲಿ ಹೊರಗಿದ್ರ ಅರಿವಿ ಹಿಡೀತೈತಿ, ಮಾವ. ಅಜ್ಜಗ ಆತಲ್ಲ, ಹಂಗ.”

ನಾನು ಮಾತಾಡಲಿಲ್ಲ.

ಅಜ್ಜನೆಂದರೆ ನನ್ನ ತಂದೆ. ಬಳ್ಳಾರಿಯ ಒಂದು ಹತ್ತಿ ಜಿನ್ನಿಂಗ್ ಗಿರಣಿಯಲ್ಲಿ ಅವರು ಎಣ್ಣೆ ಬಿಡುವ ಕೆಲಸ ಮಾಡುತ್ತಿದ್ದರು. 1964ರಲ್ಲಿ, ನನಗೆ ಏಳು ವರ್ಷವಾಗಿದ್ದಾಗ, ತಿರುಗುವ ಶಾಫ್ಟಿನ ಬಳಿ ಬಗ್ಗಿದ್ದಾಗ ಅವರ ಹೆಗಲ ವಲ್ಲಿ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ಹೋದ ಬಲಗೈಯ ಮೂರು ಬೆರಳು ಹೋದವು. ಗಿರಣಿಯವರೂ ಬಂಧುಗಳೂ ಒಂದೇ ಮಾತು ಹೇಳಿದರು: ಯಂತ್ರದ ಹತ್ತಿರ ವಲ್ಲಿ ಹೊದ್ದು ಹೋಗುವವನಿಗೆ ಬುದ್ಧಿ ಬೇಡವೇ? ತಂದೆಯೂ ಅದನ್ನೇ ನಂಬಿದರು. ನಾನೂ ನಂಬಿದೆ. ಶಾಲೆಯ ಬಾಗಿಲಿಗೆ ಅವರು ಬಂದಾಗ ಆ ಕೈಯನ್ನು ಗೆಳೆಯರು ನೋಡದಿರಲೆಂದು ಎಡಗಡೆಗೆ ನಿಂತು ನಡೆಯುತ್ತಿದ್ದವರು ಅವರೋ ನಾನೋ, ಈಗ ನೆನಪಾಗುವುದಿಲ್ಲ. ಬಹುಶಃ ಇಬ್ಬರೂ.

ವಲ್ಲಿ ತಾನಾಗಿ ಶಾಫ್ಟಿಗೆ ಸುತ್ತಿಕೊಳ್ಳಲಿಲ್ಲ. ಶಾಫ್ಟಿನ ಮೇಲಿನ ಬಳೆಯಿಂದ ಚೌಕ ತಲೆಯ ಒಂದು ಸ್ಕ್ರೂ ಅರ್ಧ ಇಂಚು ಹೊರಗೆ ನಿಂತಿತ್ತು. ತಿರುಗುವಾಗ ಅದು ಕಣ್ಣಿಗೆ ಕಾಣುವುದಿಲ್ಲ, ಬಟ್ಟೆಗೆ ಮಾತ್ರ ಕಾಣುತ್ತದೆ ಎಂದು ತಂದೆ ಒಮ್ಮೆ ಹೇಳಿದ್ದರು. ಅಂಥ ತಲೆಗಳು ಲೋಕದ ಎಲ್ಲ ಕಾರ್ಖಾನೆಗಳಲ್ಲೂ ಎಷ್ಟೋ ಕೈಗಳನ್ನು ತಿಂದಿದ್ದವು. ಅದಕ್ಕಾಗಿಯೇ ಸ್ಕ್ರೂವನ್ನು ಒಳಗೆ ಮುಳುಗಿಸುವ ಯೋಚನೆ ಬಲವಾದದ್ದು. ಅಲೆನ್ ತನ್ನ ಸ್ಕ್ರೂವನ್ನು ‘ಸೇಫ್ಟಿ’ ಸ್ಕ್ರೂ ಎಂದೇ ಮಾರಿದ. ನಮ್ಮ 1948ರ ಕಾರ್ಖಾನೆಗಳ ಕಾಯಿದೆಯ 26ನೆಯ ಕಲಮು, ತಿರುಗುವ ಶಾಫ್ಟಿನ ಮೇಲಿನ ಪ್ರತಿಯೊಂದು ಸ್ಕ್ರೂ, ಬೋಲ್ಟುಗಳನ್ನೂ ಅಪಾಯವಾಗದಂತೆ ಒಳಗೆ ಹುದುಗಿಸಿರಬೇಕು, ಇಲ್ಲವೇ ಮುಚ್ಚಿರಬೇಕು ಎಂದು ವಿಧಿಸಿತ್ತು. ಆದರೆ ಆ ಕಲಮು ಹೇಳಿದ್ದು ಕಾಯಿದೆ ಜಾರಿಗೆ ಬಂದ ಮೇಲೆ ನಿಲ್ಲಿಸಿದ ಯಂತ್ರಗಳ ವಿಷಯ. ನನ್ನ ತಂದೆ ಎಣ್ಣೆ ಬಿಟ್ಟ ಯಂತ್ರ ಅದಕ್ಕಿಂತ ಹಳೆಯದು. ಚಲಿಸುವ ಯಂತ್ರದ ಬಳಿ ಹೋಗುವವನಿಗೆ ಮೈಗೊಪ್ಪುವ ಬಿಗಿ ಉಡುಪನ್ನು ಗಿರಣಿಯೇ ಕೊಡಬೇಕೆಂದೂ ಅದೇ ಕಾಯಿದೆಯಲ್ಲಿತ್ತು. ಅವರಿಗೆ ಸಿಕ್ಕಿದ್ದು ಉಪದೇಶ.

ಹೊರಗೆ ಚಾಚಿದ ಅರ್ಧ ಇಂಚು ಕಬ್ಬಿಣದ ತಪ್ಪನ್ನು ಒಬ್ಬ ಮನುಷ್ಯ ತನ್ನ ಬುದ್ಧಿಯ ತಪ್ಪೆಂದು ಸಾಯುವವರೆಗೂ ಹೊತ್ತಿದ್ದ. ಓದಿದ ಮಗನಾದ ನಾನು ಅದನ್ನು ಇಳಿಸಲಿಲ್ಲ.

ಈ ವರ್ಷ ದೊಡ್ಡಬಸವೇಶ್ವರನ ತೇರಿಗೆ ಕುರುಗೋಡಿಗೆ ಹೋಗಿದ್ದೆ. ತೇರು ಎಳೆಯುವ ಮುಂಚೆ ಒಬ್ಬ ಹಿರಿಯರು ಗಾಲಿಗಳ ಬಳಿ ಬಗ್ಗಿ, ಒಂದೊಂದು ಕಡೆಗೀಲನ್ನೂ ಕೈಯಿಂದ ಮುಟ್ಟಿ ನೋಡುತ್ತಿದ್ದರು. ಸಾವಿರಾರು ಕಣ್ಣುಗಳು ಕಳಸದ ಮೇಲಿದ್ದಾಗ ಅವರೊಬ್ಬರ ಕಣ್ಣು ಕೀಲಿನ ಮೇಲಿತ್ತು. ಅಳಿಯನೂ ನನ್ನ ಜೊತೆ ನಿಂತು ನೋಡಿದ. ಸಂಜೆ ಮನೆಗೆ ಬಂದು ತನ್ನ ಕಟ್ಟನ್ನು ಬಿಚ್ಚಿ, ಒಂಬತ್ತು ಕಡ್ಡಿಗಳನ್ನೂ ಎಣ್ಣೆ ಬಟ್ಟೆಯಿಂದ ಒರೆಸಿ, ಅಳತೆಯ ಸಾಲಿನಲ್ಲಿ ಮತ್ತೆ ಸಿಕ್ಕಿಸಿದ. ಮೂರರ ಕಡ್ಡಿಯ ತುದಿ ಆಗಲೇ ಒಮ್ಮೆ ಸಾಣೆ ಕಂಡು ಕೊಂಚ ಗಿಡ್ಡವಾಗಿತ್ತು.

ನನ್ನ ತಂಗಿ ದೀಪ ಹಚ್ಚಲು ಬಂದವಳು ಕೇಳಿದಳು: “ಅಣ್ಣ, ಅವನಿಗೆ ಗಡಿಯಾರ ಕೊಡಸ್ತೀನಂದಿದ್ದೆಲ್ಲ?”

“ಕೊಡಿಸಬೇಕೆಂದಿದ್ದೆ” ಎಂದೆ. ಗೋಡೆಯ ಮೇಲೆ ತಂದೆಯ ಪಟವಿತ್ತು. ಪಟ ತೆಗೆಸುವಾಗ ಅವರು ಬಲಗೈಯನ್ನು ವಲ್ಲಿಯ ಕೆಳಗೆ ಮುಚ್ಚಿಟ್ಟುಕೊಂಡಿದ್ದರು.