ದಂತ ಕಂಡ ರಾಣಿ

ಅಜಂತಾಕ್ಕೆ ಹೋದವರು ಒಂದನೇ ಗುಹೆಯ ಪದ್ಮಪಾಣಿಯೆದುರು ಮೈಮರೆತು ನಿಲ್ಲುತ್ತಾರೆ. ಚಿತ್ರಕಲಾ ಮೇಷ್ಟ್ರಾದ ನಾನು ನಮ್ಮ ಶಾಲೆಯ ಮಕ್ಕಳನ್ನು ಮೊದಲು ಕರೆದೊಯ್ಯುವುದು ಹತ್ತನೇ ಗುಹೆಗೆ. ಕ್ರಿಸ್ತಪೂರ್ವದ ಆ ಚೈತ್ಯದ ಕಂಬಸಾಲಿನ ಹಿಂದೆ, ಬಲಗೋಡೆಯ ಉದ್ದಕ್ಕೆ ಬುದ್ಧನ ಹಿಂದಿನ ಜನ್ಮದ ಕಥೆಯಾದ ಷಡ್ದಂತ ಜಾತಕದ ಚಿತ್ರವಿದೆ. ಸ್ತೂಪಕ್ಕೆ ಪ್ರದಕ್ಷಿಣೆ ಬರುವವರು ಆ ಗೋಡೆಯ ಪಕ್ಕದಲ್ಲೇ ಹಾದುಹೋಗಬೇಕು.

ಬೋಧಿಸತ್ವ ಆರು ದಂತಗಳ ಆನೆಯರಸನಾಗಿ ಹುಟ್ಟಿದ್ದ. ಒಮ್ಮೆ ಅವನು ಹೂಬಿಟ್ಟ ಸಾಲದ ಮರಕ್ಕೆ ಗುದ್ದಿದಾಗ ಹೂವೆಲ್ಲ ಹಿರಿಯ ಹೆಂಡತಿಯ ಮೇಲೆ ಉದುರಿತು, ತರಗೆಲೆ, ಕಡ್ಡಿ, ಕೆಂಜಿಗ ಕಿರಿಯಳ ಪಾಲಾದವು. ಅಷ್ಟಕ್ಕೇ ಕಿರಿಯಳು ಹಗೆ ಕಟ್ಟಿಕೊಂಡಳು. ಸತ್ತು ಕಾಶಿಯ ರಾಣಿಯಾಗಿ ಹುಟ್ಟಿ, ಆ ದಂತಗಳನ್ನು ತರಲು ಬೇಡನನ್ನು ಅಟ್ಟಿದಳು. ಬಾಣ ನೆಟ್ಟ ನೋವಿನಲ್ಲೂ ಆನೆ ಅವನನ್ನು ಕೊಲ್ಲಲಿಲ್ಲ, ಏಕೆಂದರೆ ಅವನು ಕಾವಿ ಉಟ್ಟು ಬಂದಿದ್ದ. ದಂತ ಕೊಯ್ಯಲು ತಾನೇ ನೆರವಾಯಿತು.

ಚಿತ್ರಕಾರ ಆನೆಗಳನ್ನು ಎಷ್ಟು ಪ್ರೀತಿಯಿಂದ ಬರೆದಿದ್ದಾನೆ! ತಾವರೆಕೊಳ, ಬಿಳಲು ಬಿಟ್ಟ ಆಲ, ಮೈಗೆ ಮೈ ತಾಗಿಸಿ ನಿಂತ ಹಿಂಡು. ಆದರೆ ಅವನ ಮನಸ್ಸು ನಿಂತಿರುವುದು ಅರಮನೆಯಲ್ಲಿ. ದಂತಗಳು ಬಂದಿವೆ. ಬೇಡಿದ್ದು ಕೈಸೇರಿದ ಗಳಿಗೆಯಲ್ಲೇ ರಾಣಿ ಮೂರ್ಛೆ ಹೋಗುತ್ತಿದ್ದಾಳೆ. ರಾಜ ಅವಳನ್ನು ಆತುಕೊಂಡಿದ್ದಾನೆ, ಸುತ್ತ ದಾಸಿಯರ ಗಾಬರಿ. ಹಗೆಯವಳ ಸಂಕಟಕ್ಕೆ ಇಷ್ಟು ಜಾಗ ಕೊಟ್ಟಿದ್ದರಿಂದಲೇ ಈ ಗೋಡೆ ನನಗೆ ದೊಡ್ಡದು. ಆನೆಯ ಕ್ಷಮೆ ಎಷ್ಟು ಆಳಕ್ಕೆ ಇಳಿಯಿತೆಂಬುದನ್ನು ನಾವು ಅವಳ ಮೈಯಲ್ಲಿ ಕಾಣುತ್ತೇವೆ.

ಮಣ್ಣಿಗೆ ನಾರು, ಭತ್ತದ ಹೊಟ್ಟು ಕಲಸಿ ಬಂಡೆಗೆ ಮೆತ್ತಿ, ಮೇಲೆ ತೆಳುವಾಗಿ ಸುಣ್ಣ ಸವರಿ, ಒಣಗಿದ ಮೇಲೆ ಬಣ್ಣ ಹಾಕುವುದು ಅಜಂತಾದ ರೀತಿ. ಕೆಮ್ಮಣ್ಣು, ಹಳದಿ ಮಣ್ಣು, ದೀಪದ ಮಸಿ ಅವರ ಬಣ್ಣಗಳು. ಹಸಿ ಗಾರೆಯ ಚಿತ್ರಕ್ಕಿರುವ ಗಟ್ಟಿತನ ಇದಕ್ಕಿಲ್ಲ, ಉಜ್ಜಿದರೆ ಏಳುತ್ತದೆ. ಅಂಥ ಗೋಡೆಯ ಮೇಲೆ ಬಂದವರೆಲ್ಲ ಹೆಸರು ಕೆತ್ತಿದ್ದಾರೆ. 1819ರಲ್ಲಿ ಈ ಗುಹೆ ಹೊಕ್ಕ ಜಾನ್ ಸ್ಮಿತ್ ಎಂಬ ಬ್ರಿಟಿಷ್ ಅಧಿಕಾರಿಯೂ ಒಂದು ಕಂಬದ ಚಿತ್ರದ ಮೇಲೆ ತನ್ನ ಹೆಸರು ಗೀಚಿದ. 1920ರ ದಶಕದಲ್ಲಿ ನಿಜಾಮ ಸರ್ಕಾರ ಇಟಲಿಯಿಂದ ಕರೆಸಿದ ತಜ್ಞರು ಅಜಂತಾದ ಚಿತ್ರಗಳನ್ನು ಉಳಿಸಲೆಂದು ಅರಗಿನ ವಾರ್ನಿಶ್ ಬಳಿದರು. ಅದು ಕ್ರಮೇಣ ಹಳದಿಗಟ್ಟಿ ಬಣ್ಣಗಳನ್ನು ಮಂಕು ಮಾಡಿತು.

ಹಾಗಾಗಿ ಬರಿಗಣ್ಣಿಗೆ ಕಥೆ ಥಟ್ಟನೆ ಸಿಗದು. ಜಾನ್ ಗ್ರಿಫಿತ್ಸ್ 1896–97ರಲ್ಲಿ ಹೊರತಂದ ಪುಸ್ತಕದ ಗೆರೆಚಿತ್ರಗಳ ಜೆರಾಕ್ಸ್ ಮಾಡಿಸಿ ಮಕ್ಕಳ ಕೈಗೆ ಕೊಡುತ್ತೇನೆ. ಹಾಳೆಯಲ್ಲಿ ರಾಣಿಯನ್ನು ಗುರುತು ಹಿಡಿದವರು ಗೋಡೆಯಲ್ಲೂ ಅವಳನ್ನು ಹುಡುಕಿ ತೆಗೆಯುತ್ತಾರೆ.