ಮೀನಿನ ಮೈಯಲ್ಲಿ ನದಿಯನ್ನು ಓದಿದ ಡಾ. ಹೋರಾ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಹನ್ನೆರಡನೆಯ ಶತಮಾನದ ಸಂಸ್ಕೃತ ಗ್ರಂಥ. ರಾಜನೀತಿ, ಸಂಗೀತ, ಪಾಕಶಾಸ್ತ್ರಗಳಿಗಾಗಿ ವಿದ್ವಾಂಸರು ಅದನ್ನು ಆಗಾಗ ಉದಾಹರಿಸುವುದುಂಟು. ಅದೇ ಗ್ರಂಥದಲ್ಲಿ ‘ಮತ್ಸ್ಯವಿನೋದ’ ಎಂಬ ಒಂದು ಪ್ರಕರಣವಿದೆ. ಗಾಳ ಹಾಕಿ ಮೀನು ಹಿಡಿಯುವ ಅರಸರ ವಿನೋದವನ್ನು ಅದು ವಿವರಿಸುತ್ತದೆ. ಯಾವ ಮೀನು ಕಡಲಿನದು, ಯಾವುದು ಹೊಳೆಯದು, ಯಾವುದಕ್ಕೆ ಹುರುಪೆಯುಂಟು, ಯಾವುದಕ್ಕೆ ಯಾವ ಆಹಾರವಿಟ್ಟರೆ ಬರುತ್ತದೆ ಎಂಬ ವಿವರಗಳು ಅಲ್ಲಿವೆ. ಮಠದ ಪಾಠಶಾಲೆಯಲ್ಲಿ ಓದಿದ ನನ್ನಂಥವರು ಅಂಥ ಪ್ರಕರಣಗಳನ್ನು ಹಾಳೆ ಮಗುಚಿ ದಾಟಿಬಿಡುವುದೇ ಹೆಚ್ಚು. 1951ರಲ್ಲಿ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಆ ಪ್ರಕರಣವನ್ನು ಕುರಿತು ಲೇಖನ ಬರೆದವರು ಸಂಸ್ಕೃತ ಪಂಡಿತರಲ್ಲ; ಭಾರತೀಯ ಪ್ರಾಣಿ ಸರ್ವೇಕ್ಷಣ ಇಲಾಖೆಯ ನಿರ್ದೇಶಕರಾಗಿದ್ದ ಡಾ. ಸುಂದರಲಾಲ್ ಹೋರಾ ಅವರು.

ಈ ಪತ್ರಿಕೆಯ ಓದುಗರಲ್ಲಿ ಬಹುಮಂದಿ ಮೀನನ್ನು ಊಟದ ತಟ್ಟೆಯಲ್ಲಿ ಕಂಡವರಲ್ಲ. ಹಾಗಿರುವಾಗ ಮೀನಿನ ಶಾಸ್ತ್ರಜ್ಞರೊಬ್ಬರ ಕಥೆ ನಮಗೇಕೆ ಎಂದು ಕೇಳಬಹುದು. ಮೀನನ್ನು ತಿನ್ನದವರಿಗೂ ಮೀನಿನೊಡನೆ ಸಂಬಂಧವುಂಟು. ದಕ್ಷಿಣ ಕನ್ನಡದ ಶಿಶಿಲದಲ್ಲಿ, ಶೃಂಗೇರಿಯ ತುಂಗೆಯಲ್ಲಿ, ದೇವಾಲಯದ ಮೆಟ್ಟಿಲ ಬಳಿ ಭಕ್ತರು ಅಕ್ಕಿ, ಪುರಿ ಹಾಕಿ ಸಾಕುವುದು ಇದೇ ಜೀವಿಯನ್ನು. 1996ರಲ್ಲಿ ಶಿಶಿಲದ ಕಪಿಲೆಯಲ್ಲಿ ಯಾರೋ ವಿಷ ಬೆರೆಸಿದ್ದರಿಂದ ಸಾವಿರಾರು ದೇವರ ಮೀನುಗಳು ಸತ್ತವು. ಊರವರು ಅವುಗಳ ನೆನಪಿಗೆ ಸ್ಮಾರಕ ಕಟ್ಟಿದರು. ಮೀನು ಸತ್ತಾಗ ಹೊಳೆಗೆ ಏನೋ ಆಗಿದೆಯೆಂದು ಯಾರಿಗಾದರೂ ತಿಳಿಯುತ್ತದೆ. ಮೀನು ಬದುಕಿರುವಾಗಲೇ ಅದರ ಮೈಯನ್ನು ನೋಡಿ ಹೊಳೆಯ ಸ್ಥಿತಿಯನ್ನು ಹೇಳಬಲ್ಲವರು ವಿರಳ. ಹೋರಾ ಅಂಥವರಲ್ಲಿ ಒಬ್ಬರು.

1896ರಲ್ಲಿ ಈಗ ಪಾಕಿಸ್ತಾನದಲ್ಲಿರುವ ಹಾಫಿಜಾಬಾದಿನಲ್ಲಿ ಜನಿಸಿದ ಅವರು ಲಾಹೋರಿನ ಸರ್ಕಾರಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು. ಪ್ರಾಣಿ ಸರ್ವೇಕ್ಷಣ ಇಲಾಖೆಯ ಮೊದಲ ನಿರ್ದೇಶಕ ನೆಲ್ಸನ್ ಆನಂಡೇಲ್ ಅವರ ಕಣ್ಣಿಗೆ ಬಿದ್ದು 1919ರಲ್ಲಿ ಕಲ್ಕತ್ತೆಗೆ ಬಂದರು. ಮರುವರ್ಷವೇ ಮಣಿಪುರಕ್ಕೆ ಹೋಗಿ ಅಲ್ಲಿಯ ಹೊಳೆಗಳನ್ನೂ ಲೋಕ್ತಕ್ ಸರೋವರವನ್ನೂ ಸುತ್ತಿ, ಕಂಡ ಮೀನುಗಳನ್ನೆಲ್ಲ ಪಟ್ಟಿಮಾಡಿದರು. 1921ರಲ್ಲಿ ಪ್ರಕಟವಾದ ಆ ವರದಿ ನೋಡಲು ಒಣ ಪಟ್ಟಿಯಂತೆಯೇ ಇದೆ. ಅದರ ಬೆಲೆ ತಿಳಿದದ್ದು ಬಹಳ ಕಾಲದ ಮೇಲೆ. ಆ ಮಾತಿಗೆ ಮುಂದೆ ಬರುತ್ತೇನೆ.

ಅವರ ಹೆಸರು ನಿಂತದ್ದು ಗುಡ್ಡದ ಹೊಳೆಗಳ ಮೀನುಗಳ ಮೇಲೆ. ಮಳೆಗಾಲದಲ್ಲಿ ಘಟ್ಟದ ಹಳ್ಳವನ್ನು ನೋಡಿದವರಿಗೆ ಗೊತ್ತು: ಅಲ್ಲಿ ಮನುಷ್ಯ ಕಾಲೂರಿ ನಿಲ್ಲಲಾರ. ಆದರೆ ಹೆಬ್ಬೆರಳ ಗಾತ್ರದ ಮೀನು ಬಂಡೆಯ ಮೇಲೆ ನಿಂತು ಪಾಚಿಯನ್ನು ಮೇಯುತ್ತಿರುತ್ತದೆ. ಹೇಗೆ? ಖಾಸಿ ಬೆಟ್ಟಗಳಲ್ಲಿ, ಕಾಂಗ್ರಾ ಕಣಿವೆಯಲ್ಲಿ, ಪೂರ್ವ ಹಿಮಾಲಯದಲ್ಲಿ ಹೋರಾ ಈ ಪ್ರಶ್ನೆಯನ್ನು ಹಿಡಿದು ವರ್ಷಗಟ್ಟಲೆ ತಿರುಗಿದರು. ಗಾರಾ ಎಂಬ ಜಾತಿಗೆ ಗದ್ದದ ಕೆಳಗೆ ಅಂಟಿಕೊಳ್ಳುವ ಬಿಲ್ಲೆಯಿದೆ. ಗ್ಲಿಪ್ಟೋಥೊರಾಕ್ಸ್ ಎಂಬ ಮೀಸೆಮೀನಿಗೆ ಎದೆಯ ಚರ್ಮವೇ ನೆರಿಗೆಗಟ್ಟಿ ಬಂಡೆಯನ್ನು ಕಚ್ಚುತ್ತದೆ. ಬಲಿಟೋರಾ ಕುಲದವು ಎರಡು ಜೊತೆ ಈಜುರೆಕ್ಕೆಗಳನ್ನು ನೆಲಕ್ಕೆ ಹಾಸಿದಂತೆ ಹರಡಿ ಮಲಗುತ್ತವೆ. ಮೈ ಚಪ್ಪಟೆ. ಬಂಡೆಗೆ ತೀರ ಹತ್ತಿರದ ತೆಳುಪದರದಲ್ಲಿ ನೀರಿನ ವೇಗ ಕಡಿಮೆಯಾಗುವುದರಿಂದ ಚಪ್ಪಟೆಯಾದಷ್ಟೂ ಕ್ಷೇಮ. ನೀರಿನಲ್ಲಿ ತೇಲಿಸುವ ಗಾಳಿಚೀಲ ಅವುಗಳಿಗೆ ಕುಗ್ಗಿಹೋಗಿದೆ. ತೇಲಿದರೆ ಕೊಚ್ಚಿಹೋಗುವವರಿಗೆ ತೇಲುವ ಸಾಧನವೇಕೆ! ಪರಸ್ಪರ ನಂಟಿಲ್ಲದ ಜಾತಿಗಳೂ ಒಂದೇ ಪ್ರವಾಹದಲ್ಲಿ ಬಾಳಿ ಒಂದೇ ಬಗೆಯ ಮೈಕಟ್ಟನ್ನು ಪಡೆದಿವೆಯೆಂದು 1930ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅವರು ನಿರೂಪಿಸಿದರು.

ಇದಕ್ಕೆ ಪ್ರತಿಯಾಗಿ ಕೆಸರಿನ ಕುಂಟೆಗಳ ಮೀನುಗಳನ್ನೂ ಅವರು ಅಭ್ಯಸಿಸಿದರು. ನೀರು ನಿಂತು ಕೊಳೆತಲ್ಲಿ ಪ್ರಾಣವಾಯು ಕಡಿಮೆ. ಅಲ್ಲಿ ಬದುಕುವ ಕೊರವದಂಥ ಮೀನು ಮೇಲೆ ಬಂದು ಗಾಳಿಯನ್ನೇ ಉಸಿರಾಡುತ್ತದೆ. ಹರಿಯುವ ತಣ್ಣೀರಿನ ಮೀನಿಗೆ ಆ ಅಭ್ಯಾಸವಿಲ್ಲ. ನೀರಿನಲ್ಲಿ ಏನಿದೆಯೋ ಅದು ಮೀನಿನ ಮೈಯಲ್ಲಿ ಬರೆದಿರುತ್ತದೆ.

ಈ ವಿಚಾರಕ್ಕೆ ಪೂರ್ವಸೂಚನೆ ಸುಶ್ರುತ ಸಂಹಿತೆಯಲ್ಲಿದೆಯೆಂದು 1935ರಲ್ಲಿ ಅವರು ಬರೆದರು. ನದಿಯ ಮೀನುಗಳು ಬಾಲ ಮತ್ತು ಬಾಯಿಯ ಬಲದಿಂದ ಚಲಿಸುವುದರಿಂದ ಅವುಗಳ ನಡುಭಾಗ ಗುರುವೆಂದೂ, ಕೆರೆ-ಸರೋವರಗಳ ಮೀನಿನ ತಲೆ ಲಘುವೆಂದೂ ಸುಶ್ರುತನ ಮಾತು. ಆ ಸಂದರ್ಭ ಅನ್ನಪಾನವಿಧಿಯದು. ಅಲ್ಲಿ ಗುರು-ಲಘು ಎಂಬುವು ಮುಖ್ಯವಾಗಿ ಜೀರ್ಣಕ್ಕೆ ಸಂಬಂಧಿಸಿದ ಮಾತುಗಳು. ಹೋರಾ ಅವರು ಅರ್ಥವನ್ನು ತುಸು ಮುಂದಕ್ಕೆ ಎಳೆದರೆಂದೇ ನನ್ನ ಅಭಿಪ್ರಾಯ. ಆದರೂ ಚಲನೆಯೇ ಅಂಗದ ಗುಣಕ್ಕೆ ಕಾರಣವೆಂಬ ಹೇತುವನ್ನು ಸುಶ್ರುತನು ಸ್ಪಷ್ಟವಾಗಿ ಕೊಟ್ಟಿದ್ದಾನೆ. ವೈದ್ಯರು ಶತಮಾನಗಳ ಕಾಲ ಪಠಿಸಿದ ಆ ಹೇತುವಿನಲ್ಲಿ ಹೊಳೆಯನ್ನು ಕಾಣಲು ಹೊಳೆಯಲ್ಲಿ ನಿಂತವರೊಬ್ಬರು ಬೇಕಾಯಿತು. ಅಶೋಕನ ಐದನೆಯ ಸ್ತಂಭಶಾಸನದಲ್ಲಿ ಕೆಲವು ದಿನಗಳಂದು ಮೀನು ಕೊಲ್ಲುವುದನ್ನೂ ಮಾರುವುದನ್ನೂ ನಿಷೇಧಿಸಿರುವುದನ್ನು ಸಹ ಅವರು ಇದೇ ಆಸಕ್ತಿಯಿಂದ ಪರಿಶೀಲಿಸಿದರು.

ಸಹ್ಯಾದ್ರಿಯ ಹೊಳೆಗಳಿಗೂ ಅವರಿಗೂ ನೇರ ಸಂಬಂಧವಿದೆ. ಇಲ್ಲಿಯ ಒಂದು ಪುಟ್ಟ ಬಂಡೆಮೀನಿನ ಕುಲಕ್ಕೆ ಭವಾನಿ ನದಿಯ ಹೆಸರನ್ನಿಟ್ಟು ‘ಭವಾನಿಯಾ’ ಎಂದು 1920ರಲ್ಲಿ ಕರೆದವರು ಅವರೇ. ಮೈಸೂರು, ಕೊಡಗುಗಳಿಂದ ಬಂದ ಮೀನುಗಳ ಸಂಗ್ರಹಗಳನ್ನೂ ಅವರು ಪರೀಕ್ಷಿಸಿ ಬರೆದಿದ್ದಾರೆ. ಅಸ್ಸಾಮಿನ ಮತ್ತು ಮಲಯದ ಗುಡ್ಡದ ಮೀನುಗಳ ಬಂಧುಗಳು ನಮ್ಮ ಘಟ್ಟಗಳಲ್ಲಿರುವುದೇಕೆ, ನಡುವಿನ ವಿಶಾಲ ಬಯಲಿನಲ್ಲಿ ಅವು ಇಲ್ಲವೇಕೆ ಎಂಬುದು ಅವರನ್ನು ಬಹುಕಾಲ ಕಾಡಿತು. ವಿಂಧ್ಯ-ಸಾತ್ಪುರ ಶ್ರೇಣಿಯೇ ಒಂದು ಕಾಲದಲ್ಲಿ ಅವುಗಳಿಗೆ ದಾರಿಯಾಗಿತ್ತೆಂದು ಅವರು ಮಂಡಿಸಿದ ‘ಸಾತ್ಪುರ ವಾದ’ ಪ್ರಸಿದ್ಧವಾಯಿತು. ಆಮೇಲಿನ ಸಂಶೋಧಕರು ಅದಕ್ಕೆ ಬಲವಾದ ಆಕ್ಷೇಪಗಳನ್ನೆತ್ತಿದ್ದಾರೆ. ಪ್ರಶ್ನೆ ಮಾತ್ರ ಅವರದೇ ಆಗಿ ಉಳಿದಿದೆ.

1942ರಿಂದ 1947ರವರೆಗೆ ಅವರು ಬಂಗಾಳದ ಮೀನುಗಾರಿಕೆಯ ನಿರ್ದೇಶಕರು. ನಡುವೆ 1943ರ ಘೋರ ಕ್ಷಾಮ. ಯುದ್ಧಭಯದಿಂದ ಪ್ರಾಣಿ ಸರ್ವೇಕ್ಷಣ ಇಲಾಖೆಯ ಸಂಗ್ರಹಗಳನ್ನು ಕಾಶಿಗೆ ಸಾಗಿಸಲಾಗಿತ್ತು. ಅದೇ 1943ರಲ್ಲಿ ವರುಣಾ ನದಿ ಉಕ್ಕಿ ಅವುಗಳಲ್ಲಿ ಬಹಳಷ್ಟನ್ನು ಹಾಳುಮಾಡಿತು. ನದಿಗಳಿಂದ ಕೂಡಿಸಿದ್ದನ್ನು ನದಿಯೇ ತೆಗೆದುಕೊಂಡಿತು. 1947ರಲ್ಲಿ ನಿರ್ದೇಶಕರಾಗಿ ಮರಳಿದ ಹೋರಾ 1955ರ ಡಿಸೆಂಬರಿನಲ್ಲಿ ತೀರಿಕೊಳ್ಳುವವರೆಗೂ ಅದೇ ಹುದ್ದೆಯಲ್ಲಿದ್ದರು.

ಬಂಗಾಳದವರಿಗೆ ಪ್ರಾಣಪ್ರಿಯವಾದ ಹಿಲ್ಸಾ ಮೀನು ಕಡಲಿನಿಂದ ಹೊಳೆಗೇರಿ ಮೊಟ್ಟೆಯಿಡುತ್ತದೆ. ಎಲ್ಲಿ ಇಡುತ್ತದೆ ಎಂಬುದಕ್ಕೆ ಹೋರಾ ಅವರಿಗೆ ಸುಳಿವು ದೊರೆತದ್ದು ವಿಚಿತ್ರವಾದ ಸ್ಥಳದಲ್ಲಿ. ಕಲ್ಕತ್ತೆಗೆ ಕುಡಿಯುವ ನೀರೊದಗಿಸುವ ಪುಲ್ತಾ ಜಲಾಗಾರದಲ್ಲಿ ಹೂಗ್ಲಿ ನದಿಯ ನೀರನ್ನು ತಿಳಿಯಾಗಲು ನಿಲ್ಲಿಸುವ ಕೊಳಗಳಲ್ಲಿ ಹಿಲ್ಸಾದ ಮರಿಗಳಿದ್ದವು! ಅಣೆಕಟ್ಟುಗಳಿಂದ ಇಂಥ ವಲಸೆಯ ಮೀನುಗಳಿಗೆ ಒದಗುವ ತೊಂದರೆಯನ್ನು ಕುರಿತು ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಅವರು 1940ರಲ್ಲಿಯೇ ಬರೆದರು. ದೊಡ್ಡ ಅಣೆಕಟ್ಟುಗಳ ಯುಗವಿನ್ನೂ ಮುಂದಿತ್ತು. 1975ರಲ್ಲಿ ಫರಕ್ಕಾ ಬ್ಯಾರೇಜು ಕಾರ್ಯಾರಂಭ ಮಾಡಿತು. ಹಿಂದೆ ಪ್ರಯಾಗದವರೆಗೂ ಏರುತ್ತಿದ್ದ ಹಿಲ್ಸಾ ಅದರ ಮೇಲ್ಭಾಗದ ಗಂಗೆಯಲ್ಲಿ ಬಹುಮಟ್ಟಿಗೆ ಇಲ್ಲವಾಯಿತು. ನೀರಾವರಿಯಿಂದ ಅನ್ನ ಕಂಡ ನಾಡಿನವರು ನಾವು. ಅಣೆಕಟ್ಟು ಬೇಡವೆಂದು ಹೇಳಲು ನನಗೆ ಬಾಯಿಲ್ಲ. ಕಟ್ಟುವ ಮೊದಲು ಹೊಳೆಯಲ್ಲಿ ಯಾರು ಯಾರು ಸಂಚರಿಸುತ್ತಾರೆಂದು ಕೇಳಬೇಕೆಂಬುದಷ್ಟೇ ಮಾತು.

ಈಗ ಮಣಿಪುರದ ಪಟ್ಟಿಯ ವಿಷಯ. 1920ರಲ್ಲಿ ಹೋರಾ ಲೋಕ್ತಕ್ಕಿಗೆ ಹೋದಾಗ ಬರ್ಮಾದ ಚಿಂದ್ವಿನ್ ನದಿಯ ಕಡೆಯಿಂದ ಮೀನುಗಳು ಮಣಿಪುರ ನದಿಯ ಮೂಲಕ ಸರೋವರಕ್ಕೆ ಏರಿಬರುತ್ತಿದ್ದವು. ಪೆಂಗ್ಬಾ ಎಂಬುದು ಅವುಗಳಲ್ಲಿ ಒಂದು. 1983ರಲ್ಲಿ ಇಥಾಯ್ ಬ್ಯಾರೇಜು ಬಂದು ಆ ದಾರಿ ಮುಚ್ಚಿತು. ಪೆಂಗ್ಬಾ ಈಗ ಮಣಿಪುರದ ರಾಜ್ಯಮೀನು. ಅದನ್ನು ಸಾಕುವುದು ಕೊಳಗಳಲ್ಲಿ. ಮುಕ್ತವಾಗಿದ್ದ ಸರೋವರ ಹೇಗಿತ್ತೆಂದು ತಿಳಿಯಬೇಕಾದವರು ಇಂದಿಗೂ ಇಪ್ಪತ್ತನಾಲ್ಕು ವಯಸ್ಸಿನ ಆ ತರುಣನ ವರದಿಯನ್ನು ತೆರೆಯುತ್ತಾರೆ.

ಹೋರಾ ಅವರ ಹೆಸರನ್ನು ಹೊತ್ತ ಜೀವಿಗಳು ಹಲವು. 1950ರಲ್ಲಿ ಎ. ಜಿ. ಕೆ. ಮೆನನ್ ಅವರು ಕೇರಳದ ಕೊಟ್ಟಾಯಂ ಕಡೆಯ ಬಾವಿಗಳಲ್ಲಿ ದೊರೆತ ಕಣ್ಣಿಲ್ಲದ ಪುಟ್ಟ ಮೀನಿಗೆ ‘ಹೋರಾಗ್ಲಾನಿಸ್’ ಎಂದು ಹೆಸರಿಟ್ಟರು. ನೆಲದೊಳಗಿನ ಅಂತರ್ಜಲವೇ ಅದರ ಮನೆ. 2023ರಲ್ಲಿ ಅದೇ ಕುಲದ ಇನ್ನೊಂದು ಪ್ರಭೇದಕ್ಕೆ ‘ಪಾಪ್ಯುಲಿ’, ಅಂದರೆ ಜನರದು, ಎಂಬ ಹೆಸರು ಬಂತು. ಬಾವಿಯ ನೀರು ಸೇದುವಾಗ ಕೊಡಕ್ಕೆ ಬಂದ ಮೀನನ್ನು ಚೆಲ್ಲದೆ, ವಿಜ್ಞಾನಿಗಳಿಗೆ ಸುದ್ದಿ ಮುಟ್ಟಿಸಿದವರು ಆ ಹಳ್ಳಿಗಳ ಮನೆಯವರು.